ಆಫ್ರಿಕಾ ಕೇಂದ್ರಿತ ಮನಃಶಾಸ್ತ್ರ ಮತ್ತು ಥೆರಪಿಸ್ಟರ ಡೈರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಕೆಲಸ ಮಾಡುವ ಕನ್ನಡದ ಆಪ್ತಸಮಾಲೋಚಕರು, ಬೆಂಗಳೂರಿನಲ್ಲಿ ಆಫ್ರಿಕಾದ ವಿದ್ಯಾರ್ಥಿಗಳನ್ನು ನೋಡುವವರು, ಮನಃಶಾಸ್ತ್ರ ಓದುತ್ತಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಆಫ್ರಿಕಾದ ಜನರು ಮನುಷ್ಯನನ್ನು ನೋಡುವ ರೀತಿಯಿಂದಲೇ ಶುರುವಾಗುವ ಮನಃಶಾಸ್ತ್ರವೊಂದಿದೆ. ಅದರ ಬೆಳಕಿನಲ್ಲಿ, ಸೆಷನ್ ಮುಗಿದ ಮೇಲೆ ಥೆರಪಿಸ್ಟ್ ತನ್ನನ್ನು ತಾನು ನೋಡಿಕೊಳ್ಳಲು ಬರೆಯುವ ಡೈರಿಯ ಬಗ್ಗೆ ಈ ಪ್ರಶ್ನೆಗಳು. ಕೆಲವಕ್ಕೆ ಉತ್ತರ ಉದ್ದವಿದೆ, ಕೆಲವಕ್ಕೆ ಎರಡು ಸಾಲು ಸಾಕು.

ಕೇಸ್ ನೋಟ್ಸ್ ಬರೀತೀವಲ್ಲ, ಮತ್ತೆ ಈ ಡೈರಿ ಯಾಕೆ?

ಕೇಸ್ ನೋಟ್ಸ್ ಬರೆಯುವುದು ಕ್ಲೈಂಟ್ ಬಗ್ಗೆ. ಏನು ಹೇಳಿದರು, ಅಪಾಯವಿದೆಯಾ, ಮುಂದಿನ ವಾರ ಏನು ಮಾಡಬೇಕು, ಇಷ್ಟು. ಡೈರಿಯಲ್ಲಿ ನೋಡಬೇಕಾದವರು ನೀವೇ. ಆ ಒಂದು ಗಂಟೆಯಲ್ಲಿ ಯಾವ ಮಾತಿಗೆ ನಿಮ್ಮ ಕಿವಿ ನೆಟ್ಟಗಾಯಿತು, ಯಾವ ಮಾತನ್ನು ಕೇಳಿಯೂ ಮುಂದೆ ಹೋದಿರಿ, ಯಾವ ಪದವನ್ನು ಕ್ಲೈಂಟ್ ಬಾಯಲ್ಲಿ ಇಟ್ಟಿರಿ ಎಂಬುದನ್ನು ಅಲ್ಲಿ ಬರೆಯಬೇಕು.

ಥೆರಪಿಸ್ಟರ ಕೈಯಲ್ಲಿ ಯಾವಾಗಲೂ ಒಂದು ಅಳತೆಗೋಲು ಇರುತ್ತದೆ. ಯಾವುದು ಆರೋಗ್ಯ, ಯಾವುದು ಕಾಯಿಲೆ, ಯಾವುದು 'ಜಾಸ್ತಿ', ಯಾವುದು 'ಕಡಿಮೆ' ಎಂದು ಅದರಿಂದಲೇ ಅಳೆಯುತ್ತೇವೆ. ಕಾಲೇಜಿನಲ್ಲಿ ಅದನ್ನು ಕೈಗೆ ಕೊಟ್ಟವರು ಅದು ಎಲ್ಲಿ ತಯಾರಾಯಿತು ಎಂದು ಹೇಳಿರುವುದಿಲ್ಲ. ಅದನ್ನು ತಿರುಗಿಸಿ ನೋಡುವ ಜಾಗವೇ ಈ ಡೈರಿ.

ಆಫ್ರಿಕಾ ಕೇಂದ್ರಿತ ಮನಃಶಾಸ್ತ್ರ ಎಲ್ಲಿಂದ ಬಂತು?

ಸಿಟ್ಟಿನಿಂದ ಹುಟ್ಟಿತು. ಆ ಸಿಟ್ಟಿಗೆ ಸಾಕಷ್ಟು ಕಾರಣವಿತ್ತು.

1851ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಹೊಸ ಕಾಯಿಲೆಯೊಂದನ್ನು ಘೋಷಿಸಿದ. ಅದಕ್ಕೆ 'ಡ್ರಾಪೆಟೋಮೇನಿಯಾ' ಎಂದು ಹೆಸರಿಟ್ಟ. ಗುಲಾಮರು ಯಜಮಾನನಿಂದ ತಪ್ಪಿಸಿಕೊಂಡು ಓಡಿಹೋಗುವುದೇ ಆ ಕಾಯಿಲೆಯ ಲಕ್ಷಣ! ಬಿಡುಗಡೆ ಬಯಸುವುದು ರೋಗ, ಬಂಧನದಲ್ಲಿ ತೆಪ್ಪಗಿರುವುದು ಆರೋಗ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತು ಇಂಥದ್ದಕ್ಕೇ ಹುಟ್ಟಿರಬೇಕು. ನಂತರವೂ ಕಪ್ಪು ಜನರ ಮನಸ್ಸನ್ನು 'ಕೊರತೆ'ಯ ಲೆಕ್ಕದಲ್ಲೇ ನೋಡಿದ ಬರಹಗಳು ಸಾಲುಗಟ್ಟಿ ಬಂದವು. ಬುದ್ಧಿ ಕಡಿಮೆ, ಕುಟುಂಬ ಸರಿಯಿಲ್ಲ, ಭಾಷೆ ಸರಿಯಿಲ್ಲ ಎಂಬ ಧಾಟಿ.

1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ವಾರ್ಷಿಕ ಸಭೆ ನಡೆಯಿತು. ಅಲ್ಲಿ ಕಪ್ಪು ಮನಃಶಾಸ್ತ್ರಜ್ಞರು ತಮ್ಮದೇ ಸಂಘ ಕಟ್ಟಿಕೊಂಡರು: ಅಸೋಸಿಯೇಷನ್ ಆಫ್ ಬ್ಲ್ಯಾಕ್ ಸೈಕಾಲಜಿಸ್ಟ್ಸ್. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜೋಸೆಫ್ ವೈಟ್ 1970ರಲ್ಲಿ 'ಎಬೊನಿ' ಪತ್ರಿಕೆಯಲ್ಲಿ ನೇರವಾಗಿ ಬರೆದರು: ಬಿಳಿಯರಿಗಾಗಿ ಬಿಳಿಯರು ಕಟ್ಟಿದ ಸಿದ್ಧಾಂತಗಳಿಂದ ಕಪ್ಪು ಜನರ ಬದುಕನ್ನು ಅರ್ಥಮಾಡಿಕೊಳ್ಳುವುದು ಕಷ್ಟ, ಬಹುಶಃ ಅಸಾಧ್ಯ ಎಂಬರ್ಥದಲ್ಲಿ. ಆಮೇಲೆ ವೇಡ್ ನೋಬಲ್ಸ್, ನಯೀಮ್ ಅಕ್ಬರ್, ಲಿಂಡಾ ಜೇಮ್ಸ್ ಮೈಯರ್ಸ್, ಕೋಬಿ ಕಂಬೋನ್, ಶೆರಿಲ್ ಗ್ರಿಲ್ಸ್ ಮೊದಲಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬರೀ ಟೀಕೆ ಸಾಲದು, ಆಫ್ರಿಕಾದ ಜನರು ಮನುಷ್ಯನನ್ನು ಹೇಗೆ ನೋಡಿದ್ದಾರೋ ಅಲ್ಲಿಂದಲೇ ಮನಃಶಾಸ್ತ್ರ ಶುರುವಾಗಲಿ ಎಂದರು. ಉದಾಹರಣೆಗೆ ನೋಬಲ್ಸ್ ಹೇಳುವ 'ಚಾಚಿಕೊಂಡ ನಾನು'. ಅದರಲ್ಲಿ 'ನಾನು' ಚರ್ಮದ ಗಡಿಯಲ್ಲಿ ಮುಗಿಯುವುದಿಲ್ಲ. ಬಂಧುಗಳು, ಊರು, ತೀರಿಹೋದ ಹಿರಿಯರು, ಇನ್ನೂ ಹುಟ್ಟದ ಮಕ್ಕಳು ಎಲ್ಲರೂ ಆ 'ನಾನು'ವಿನ ಒಳಗೇ ಇದ್ದಾರೆ.

ಅಮೆರಿಕದ ಆ ಹಳೆಯ ಸಂಘ ಜನಾಂಗಭೇದದಲ್ಲಿ ತನ್ನ ಪಾಲಿಗಾಗಿ ಅಧಿಕೃತವಾಗಿ ಕ್ಷಮೆ ಕೇಳಿದ್ದು 2021ರ ಅಕ್ಟೋಬರಿನಲ್ಲಿ. ಎಷ್ಟು ತಡ ನೋಡಿ.

ಇದು ಅಮೆರಿಕದ ಕಥೆಯಾಯ್ತು. ಆಫ್ರಿಕಾದಲ್ಲೇ ಏನು ನಡೆದಿದೆ?

ತುಂಬಾ ನಡೆದಿದೆ. ಡೈರಿ ಬರೆಯುವವರಿಗೆ ಹೆಚ್ಚು ಕಲಿಸುವುದೂ ಈ ಭಾಗವೇ ಎಂದು ನನ್ನ ಅನಿಸಿಕೆ.

ಮೊದಲು ಫ್ರಾಂಜ್ ಫ್ಯಾನನ್. ಅವರು 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಮನೋವೈದ್ಯರಾಗಿ ಬಂದರು. ವಾರ್ಡಿನಲ್ಲಿ ಸಭೆ, ಸಿನಿಮಾ, ಪತ್ರಿಕೆ, ಕರಕುಶಲ ಕೆಲಸ ಎಲ್ಲ ಶುರುಮಾಡಿದರು. ಯುರೋಪಿಯನ್ ಮಹಿಳೆಯರ ವಾರ್ಡಿನಲ್ಲಿ ಅದು ಚೆನ್ನಾಗಿ ನಡೆಯಿತು. ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಯಾರೂ ಮುಟ್ಟಿ ನೋಡಲಿಲ್ಲ. ರೋಗಿಗಳು ಸಹಕರಿಸುತ್ತಿಲ್ಲ ಎಂದು ಬರೆದು ಫೈಲ್ ಮುಚ್ಚುವುದು ಸುಲಭವಿತ್ತು. ಫ್ಯಾನನ್ ಮತ್ತು ಅವರ ಜೊತೆಗಾರ ಜಾಕ್ ಅಜೂಲೇ ತಮ್ಮ ವಿಧಾನವನ್ನೇ ಪ್ರಶ್ನಿಸಿಕೊಂಡರು. ಈ ಗಂಡಸರು ಊರಲ್ಲಿ ಎಲ್ಲಿ ಸೇರುತ್ತಾರೆ, ಯಾರ ಮಾತು ಕೇಳುತ್ತಾರೆ, ಯಾವ ಹಬ್ಬ ಮಾಡುತ್ತಾರೆ ಎಂದು ನೋಡಿದರು. ಆಮೇಲೆ ಆಸ್ಪತ್ರೆಯೊಳಗೆ ಅವರದೇ ರೀತಿಯ ಕಾಫಿ ಅಂಗಡಿ ಬಂತು, ಕಥೆ ಹೇಳುವವರು ಬಂದರು, ಹಬ್ಬಗಳು ಬಂದವು. ಮೊದಲ ಪ್ರಯತ್ನ ಯಾಕೆ ಸೋತಿತು ಎಂಬುದನ್ನು 1954ರಲ್ಲಿ ಇಬ್ಬರೂ ಬರೆದು ಪ್ರಕಟಿಸಿದರು. ನಾವು ಮಾತಾಡುತ್ತಿರುವ ಡೈರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ಅದೇ 1954ರಲ್ಲಿ ನೈಜೀರಿಯಾದ ಅಬೆಯೊಕುಟಾದಲ್ಲಿ ಮನೋವೈದ್ಯ ಥಾಮಸ್ ಅಡೆಯೊಯೆ ಲ್ಯಾಂಬೊ ಅರೋ ಹಳ್ಳಿ ಪದ್ಧತಿ ಶುರುಮಾಡಿದರು. ರೋಗಿಯನ್ನು ಗೋಡೆಯೊಳಗೆ ಕೂಡಿಹಾಕುವ ಬದಲು ಸುತ್ತಲಿನ ಹಳ್ಳಿಮನೆಗಳಲ್ಲಿ ಇರಿಸಿದರು. ಜೊತೆಗೊಬ್ಬ ಬಂಧು ಇರಲೇಬೇಕು. ಊರಿನ ಸಾಂಪ್ರದಾಯಿಕ ವೈದ್ಯರನ್ನೂ ಕೆಲಸದಲ್ಲಿ ಸೇರಿಸಿಕೊಂಡರು.

ಈಗಿನ ಕಾಲಕ್ಕೆ ಬಂದರೆ ಜಿಂಬಾಬ್ವೆಯ 'ಫ್ರೆಂಡ್‌ಶಿಪ್ ಬೆಂಚ್'. ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರ ಒಬ್ಬ ರೋಗಿ ಬಸ್ ಚಾರ್ಜಿಗೆ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದೆ ಆತ್ಮಹತ್ಯೆ ಮಾಡಿಕೊಂಡಳು. ಅದಾದ ಮೇಲೆ ಅವರು ಆಸ್ಪತ್ರೆಯನ್ನೇ ಜನರ ಹತ್ತಿರ ಒಯ್ಯಲು ಹೊರಟರು. 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. 'ಮಾನಸಿಕ ಆರೋಗ್ಯದ ಬೆಂಚ್' ಅಂದರೆ ಯಾರೂ ಹತ್ತಿರ ಸುಳಿಯುವುದಿಲ್ಲ, ಹೆಸರು ಬದಲಾಯಿಸಿ ಎಂದವರು ಆ ಅಜ್ಜಿಯರೇ. ಅಲ್ಲಿ ಯಾರೂ 'ಡಿಪ್ರೆಶನ್' ಎಂದು ಮಾತು ತೆಗೆಯುವುದಿಲ್ಲ. ಶೋನಾ ಭಾಷೆಯಲ್ಲಿ ಜನ ದಿನಾ ಹೇಳುವ 'ಕುಫುಂಗಿಸಿಸಾ', ಅಂದರೆ ಅತಿಯಾಗಿ ಯೋಚನೆ ಮಾಡುವುದು, ಅಲ್ಲಿಂದ ಮಾತು ಶುರು. 573 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ಆರು ತಿಂಗಳ ನಂತರ ಬೆಂಚಿಗೆ ಬಂದವರಲ್ಲಿ ತೊಂದರೆಯ ಲಕ್ಷಣಗಳು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆ ಇದ್ದವು.

ದಕ್ಷಿಣ ಆಫ್ರಿಕಾದಲ್ಲಿ ಮನಃಶಾಸ್ತ್ರಜ್ಞ ಚಬಾನಿ ಮಂಗಾನ್ಯಿ ವರ್ಣಭೇದ ನೀತಿಯ ನಡುವೆಯೇ, 1970ರ ದಶಕದಲ್ಲಿ, ಕಪ್ಪು ಮನುಷ್ಯನಾಗಿ ಜಗತ್ತಿನಲ್ಲಿ ಇರುವುದು ಹೇಗಿರುತ್ತದೆ ಎಂದು ಬರೆದರು. ಇಂದು ಕೊಪಾನೊ ರಾಟೆಲೆ, ಅಗಸ್ಟಿನ್ ಎನ್ವೊಯೆ ಮೊದಲಾದವರು ಆ ಕೆಲಸ ಮುಂದುವರಿಸಿದ್ದಾರೆ.

ಮಾಮೂಲಿ ರಿಫ್ಲೆಕ್ಟಿವ್ ಡೈರಿಗೂ ಇದಕ್ಕೂ ಏನು ವ್ಯತ್ಯಾಸ?

ಟ್ರೈನಿಂಗ್‌ನಲ್ಲಿ ನಮಗೆ ಹೇಳಿಕೊಡುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಏನಾಯಿತು, ನನಗೇನು ಅನ್ನಿಸಿತು, ಏನು ಸರಿ, ಏನು ತಪ್ಪು, ಮುಂದೆ ಏನು. ಶಿಕ್ಷಣ ತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಚಕ್ರದ ಸಾರ ಹೆಚ್ಚುಕಡಿಮೆ ಇದೇ. ಅದು ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಇಬ್ಬರೇ ಇದ್ದಾರೆ. ಒಬ್ಬ ಥೆರಪಿಸ್ಟ್, ಒಬ್ಬ ಕ್ಲೈಂಟ್.

ಆಫ್ರಿಕಾ ಕೇಂದ್ರಿತ ನೋಟದಲ್ಲಿ ಆ ರೂಮಿನಲ್ಲಿ ತುಂಬಾ ಜನ ಇದ್ದಾರೆ. ಕ್ಲೈಂಟಿನ ಅಮ್ಮ ಇದ್ದಾಳೆ, ತೀರಿಹೋದ ಅಜ್ಜ ಇದ್ದಾನೆ, ಚರ್ಚು ಅಥವಾ ಮಸೀದಿ ಇದೆ, ವೀಸಾ ಆಫೀಸು ಇದೆ, ಗುಲಾಮಗಿರಿಯ ನೆನಪಿದೆ. ನಿಮ್ಮ ಬೆನ್ನ ಹಿಂದೆಯೂ ಅಷ್ಟೇ ಜನ ನಿಂತಿದ್ದಾರೆ. ಯಾರ್‍ಯಾರು ಬಂದಿದ್ದರು, ನಾನು ಯಾರನ್ನು ಮಾತಾಡಿಸಿದೆ, ಯಾರನ್ನು ಹೊರಗೆ ನಿಲ್ಲಿಸಿದೆ ಎಂಬುದೇ ಈ ಡೈರಿಯ ಮೊದಲ ಪ್ರಶ್ನೆ. ಪ್ರಶ್ನೆಗಳನ್ನು ಬದಲಿಸದೆ ಸುಮ್ನೆ ಪುಟದ ಮೇಲೆ 'ಉಬುಂಟು' (ಮನುಷ್ಯ ಇತರರಿಂದಲೇ ಮನುಷ್ಯ ಎಂಬ ಮಾತು) ಎಂದು ಬರೆದು, ಹಿಂದಿನದನ್ನು ತಿರುಗಿ ನೋಡಿ ಕಲಿಯುವುದರ ಸಂಕೇತವಾದ ಸಾಂಕೋಫಾ ಹಕ್ಕಿಯ ಚಿತ್ರ ಅಂಟಿಸಿಕೊಂಡರೆ ಅದು ಅಲಂಕಾರ ಅಷ್ಟೇ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈಗ ಅಂಗಡಿಗಳಲ್ಲಿ ಸಿಗುವ ಚಂದದ ನೋಟ್‌ಬುಕ್‌ಗಳಲ್ಲಿ ಆಗುತ್ತಿರುವುದು ಇದೇ.

ಒಂದು ಪುಟ ಹೇಗಿರುತ್ತೆ ಅಂತ ತೋರಿಸಿ.

ಕಲಿಯಲೆಂದು ಕಟ್ಟಿದ ಉದಾಹರಣೆ ಇದು, ಯಾರ ನಿಜ ಕಥೆಯೂ ಅಲ್ಲ. ಥೆರಪಿಸ್ಟ್ ದಾವಣಗೆರೆ ಕಡೆಯವರು, ಲಂಡನ್ನಿನಲ್ಲಿ ಕೆಲಸ. ಕ್ಲೈಂಟ್ ಘಾನಾದ ಕುಮಾಸಿಯಿಂದ ಬಂದ ನರ್ಸ್, ಮನೆಗೆ ಹಿರಿಮಗಳು. ಅಪ್ಪ ತೀರಿ ಎಂಟು ತಿಂಗಳಾಗಿದೆ. ನಿದ್ದೆ ಬರುವುದಿಲ್ಲ. ಸಂಬಳದ ದೊಡ್ಡ ಪಾಲು ಊರಿಗೆ ಹೋಗುತ್ತದೆ.

ಸೆಷನ್ ಮುಗಿದ ಕೂಡಲೇ ಬರೆದದ್ದು:

"ಬೌಂಡರಿ ಇಲ್ಲ. ಮನೆಯವರು ಕೇಳಿದಾಗಲೆಲ್ಲ ದುಡ್ಡು ಕಳಿಸ್ತಾಳೆ. 'ಇಲ್ಲ' ಅನ್ನೋಕೆ ಬರಲ್ಲ. ತನ್ನ ಅಗತ್ಯ ಏನು ಅಂತ ಕೇಳಿದ್ರೆ ಸುಮ್ಮನಾದಳು. ಮುಂದಿನ ವಾರ ಅಸರ್ಟಿವ್‌ನೆಸ್ ಬಗ್ಗೆ ಕೆಲಸ."

ರಾತ್ರಿ ಅದೇ ಪುಟದ ಕೆಳಗೆ ಬರೆದದ್ದು:

"ರೂಮಿನಲ್ಲಿ ಯಾರಿದ್ದರು? ಅಮ್ಮ. ಕಾಲೇಜಿನಲ್ಲಿರುವ ಇಬ್ಬರು ತಮ್ಮಂದಿರು. ಅಪ್ಪ. ಅಪ್ಪನ ಹೆಸರು ನಾಲ್ಕು ಸಲ ಬಂತು, ನಾನು ಒಂದು ಸಲವೂ ಅವರ ಬಗ್ಗೆ ಕೇಳಲಿಲ್ಲ. ಅಂತ್ಯಕ್ರಿಯೆಯ ಸಾಲ ಇನ್ನೂ ತೀರಿಲ್ಲ ಅಂದಳು. ವರ್ಷಾಂತ್ಯಕ್ಕೆ ಇನ್ನೊಂದು ಕಾರ್ಯ ಇದೆ, ಅದಕ್ಕೆ ಊರಿಗೆ ಹೋಗ್ತಾಳಾ? ಕೇಳಲಿಲ್ಲ.

'ಬೌಂಡರಿ' ಅನ್ನೋ ಪದ ನನ್ನದು. ಅವಳು ಹೇಳಿದ್ದು 'ನಾನು ಹಿರಿಮಗಳು' ಅಂತ.

ನಮ್ಮಕ್ಕ ನೆನಪಾದಳು. ಪಿಯುಸಿಯಿಂದ ನನ್ನ ಫೀಸ್ ಕಟ್ಟಿದ್ದು ಅವಳ ಟೀಚರ್ ಸಂಬಳ. ನಮ್ಮ ಮನೇಲಿ ಅದನ್ನ ಯಾರೂ ಕಾಯಿಲೆ ಅನ್ನಲಿಲ್ಲ. ಹಾಗಂತ ಅಕ್ಕಂಗೆ ಕಷ್ಟ ಆಗಲಿಲ್ಲ ಅಂತಲೂ ಅಲ್ಲ. ಅವಳನ್ನ 'ನೀನು ಹೇಗಿದ್ದೀಯ' ಅಂತ ಯಾರು ಕೇಳಿದ್ರು?

ನೋವು ದುಡ್ಡು ಕೊಡೋದರಲ್ಲಿ ಇದೆಯಾ, ಅಥವಾ ಯಾರೂ ವಿಚಾರಿಸದೆ ಇರೋದರಲ್ಲಾ? ಗೊತ್ತಿಲ್ಲ. ಡಬಲ್ ಶಿಫ್ಟ್ ಮಾಡ್ತಾಳೆ, ರಾತ್ರಿ ಊಟ ಬಿಡ್ತಾಳೆ. ಅದು ಸಣ್ಣ ವಿಷಯ ಅಲ್ಲ, ಬಿಡಬಾರದು.

ಮುಂದಿನ ವಾರ: ಅಪ್ಪ ಇದ್ದಿದ್ದರೆ ಈ ಜವಾಬ್ದಾರಿ ಹೇಗೆ ಹಂಚುತ್ತಿದ್ದರು? ಮನೆಯಲ್ಲಿ ಯಾರ ಮಾತು ಎಲ್ಲರೂ ಕೇಳ್ತಾರೆ? ಅವರ ಹತ್ತಿರ ಮಾತಾಡಬಹುದಾ?"

ಗಮನಿಸಿ, ಎರಡನೇ ಬರಹ ಕ್ಲೈಂಟನ್ನು ಹೊಗಳುತ್ತಿಲ್ಲ. 'ಅವರ ಸಂಸ್ಕೃತಿ ಹಾಗೆ' ಎಂದು ಕೈತೊಳೆದುಕೊಳ್ಳುತ್ತಲೂ ಇಲ್ಲ. ಊಟ ಬಿಡುವುದು, ನಿದ್ದೆ ಕೆಡುವುದು ಅಲ್ಲಿ ಇವೆ. ಆದರೆ ದಾರಿ ಬದಲಾಗಿದೆ. ಅವಳನ್ನು ಮನೆಯವರಿಂದ ಬಿಡಿಸುವ ಬದಲು, ಮನೆಯೊಳಗೇ ಭಾರ ಹಂಚುವ ಹಾದಿ ಹುಡುಕುತ್ತಿದ್ದಾರೆ. ಕುಮಾಸಿ ಕಡೆಯ ಅಕನ್ ಜನರಲ್ಲಿ ಸಾವಿನ ಕಾರ್ಯ ಎಷ್ಟು ದೊಡ್ಡದು, ಎಷ್ಟು ಖರ್ಚಿನದ್ದು ಎಂದು ತಿಳಿದವರಿಗೆ ಆ ಸಾಲದ ಮಾತು ಮೊದಲ ಸಲಕ್ಕೇ ಕೇಳಿಸಬೇಕಿತ್ತು. ಅಕ್ಕನ ವಿಷಯವೂ ಇಲ್ಲಿ ಬರಲೇಬೇಕು. ಅದು ಬಾರದಿದ್ದರೆ ಥೆರಪಿಸ್ಟ್ ತನ್ನ ಮನೆಯ ಕಣ್ಣಿನಿಂದ ನೋಡುತ್ತಿದ್ದೇನೆ ಎಂಬುದನ್ನೇ ಮರೆತುಬಿಡುತ್ತಾರೆ. ಕುಮಾಸಿಯ ಮನೆ ದಾವಣಗೆರೆಯ ಮನೆಯಲ್ಲ.

ಶುರುಮಾಡೋಕೆ ಯಾವ ಪ್ರಶ್ನೆಗಳು ಒಳ್ಳೆಯವು?

ದೊಡ್ಡ ಪಟ್ಟಿ ಬೇಡ. ಪಟ್ಟಿ ಕೊಟ್ಟರೆ ಫಾರ್ಮ್ ತುಂಬಿದ ಹಾಗೆ ತುಂಬಿಬಿಡುತ್ತೇವೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ನಾಲ್ಕು. ಇವತ್ತು ರೂಮಿನಲ್ಲಿ ಯಾರ್‍ಯಾರಿದ್ದರು, ಬದುಕಿರುವವರು, ತೀರಿಹೋದವರು ಸೇರಿ? ಕ್ಲೈಂಟ್ ತನ್ನ ಕಷ್ಟಕ್ಕೆ ಯಾವ ಪದ ಬಳಸಿದರು, ನಾನು ಯಾವ ಪದ ಬಳಸಿದೆ? ಈ ಕಷ್ಟದಲ್ಲಿ ಎಷ್ಟು ಪಾಲು ಇವರ ಒಳಗಿನದು, ಎಷ್ಟು ಪಾಲು ಹೊರಗಿನವರು ಹೇರಿದ್ದು? ಇವರು ಇಷ್ಟು ದಿನ ಉಳಿದುಬಂದಿರುವುದು ಯಾವುದರ ಬಲದಿಂದ?

ಕೊನೆಯದನ್ನು ಬಿಡಲೇಬೇಡಿ. ಕಪ್ಪು ಜನರ ಬಗ್ಗೆ ಹಳೆಯ ಮನಃಶಾಸ್ತ್ರ ಬರೆದದ್ದೆಲ್ಲ ಕೊರತೆಯ ಪಟ್ಟಿ. ಇನ್ನೊಂದು ಕೊರತೆಯ ಪಟ್ಟಿಯನ್ನು ನಿಮ್ಮ ಡೈರಿಯೂ ಸೇರಿಸುವುದು ಬೇಡ.

ನ್ಗುಜೋ ಸಬಾ, ಎನ್‌ಟು ಥೆರಪಿ ಇತ್ಯಾದಿ ಚೌಕಟ್ಟುಗಳನ್ನು ಬಳಸಬಹುದಾ?

ಬಳಸಬಹುದು. ನ್ಗುಜೋ ಸಬಾ ಎಂದರೆ ಅಮೆರಿಕದ ಕಪ್ಪು ಚಿಂತಕ ಮೌಲಾನಾ ಕರೆಂಗಾ 1966ರಲ್ಲಿ ಆಫ್ರಿಕನ್ ಅಮೆರಿಕನ್ನರ ಕ್ವಾಂಜಾ ಹಬ್ಬದ ಜೊತೆ ಮುಂದಿಟ್ಟ ಏಳು ತತ್ವಗಳು: ಒಗ್ಗಟ್ಟು, ನಮ್ಮ ಬದುಕನ್ನು ನಾವೇ ತೀರ್ಮಾನಿಸುವುದು, ಕೂಡಿ ಹೊಣೆ ಹೊರುವುದು, ಕೂಡಿ ದುಡಿದು ಹಂಚಿಕೊಳ್ಳುವುದು, ಉದ್ದೇಶ, ಸೃಜನಶೀಲತೆ, ನಂಬಿಕೆ. ಹೆಸರುಗಳು ಸ್ವಾಹಿಲಿಯಲ್ಲಿವೆ, ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಆಫ್ರಿಕನ್ ಅಮೆರಿಕನ್ ಕ್ಲೈಂಟಿಗೆ ಇವು ಮನೆಮಾತಾಗಿರಬಹುದು, ಕೀನ್ಯಾದ ಕ್ಲೈಂಟಿಗೆ ಏನೇನೂ ಅನ್ನಿಸದಿರಬಹುದು. ಮನಃಶಾಸ್ತ್ರಜ್ಞ ಫ್ರೆಡರಿಕ್ ಫಿಲಿಪ್ಸ್ 1990ರಲ್ಲಿ ವಿವರಿಸಿದ ಎನ್‌ಟು ಥೆರಪಿಯಲ್ಲಿ ಸಾಮರಸ್ಯ, ಸಮತೋಲನ, ಪರಸ್ಪರ ನಂಟು ಮುಖ್ಯ. ಥೆರಪಿಸ್ಟ್ ಮತ್ತು ಕುಟುಂಬದ ನಡುವೆ ಮೊದಲು ಹೊಂದಾಣಿಕೆ ಬರಬೇಕು, ಆಮೇಲೆ ಉಳಿದದ್ದು ಎನ್ನುತ್ತದೆ. ಡೈರಿಗೆ ಅದರಿಂದ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ: ಇವತ್ತು ನಾವಿಬ್ಬರೂ ಒಂದೇ ಲಯದಲ್ಲಿ ಇದ್ದೆವಾ? ಇರಲಿಲ್ಲ ಎಂದಾದರೆ ಅದು ತಪ್ಪಿದ್ದು ಎಲ್ಲಿ?

ದಿನಾ ಬರೀಬೇಕಾ?

ಬೇಡ. ಮನಸ್ಸಿಗೆ ಕುಟುಕಿದ ಸೆಷನ್ ಬಗ್ಗೆ ಬರೆಯಿರಿ. ಹದಿನೈದು ನಿಮಿಷ ಸಾಕು. ತುಂಬಾ ಸಲೀಸಾಗಿ ಹೋಯಿತು ಅನ್ನಿಸಿದ ಸೆಷನ್ ಬಗ್ಗೆಯೂ ಆಗಾಗ ಬರೆಯಿರಿ, ಸಲೀಸಿನ ಹಿಂದೆಯೂ ಏನೋ ಅಡಗಿರಬಹುದು.

ಬರೆಯೋದೇ ಬೇಕಾ? ಮಾತಾಡಿ ರೆಕಾರ್ಡ್ ಮಾಡಿಕೊಂಡ್ರೆ?

ಮಾಡಿಕೊಳ್ಳಿ. ಆಫ್ರಿಕಾದ ಎಷ್ಟೋ ಸಮಾಜಗಳಲ್ಲಿ ಜ್ಞಾನ ಉಳಿದುಬಂದಿದ್ದು ಮಾತಿನಲ್ಲಿ, ಹಾಡಿನಲ್ಲಿ, ಗಾದೆಯಲ್ಲಿ, ಡೋಲಿನ ಸದ್ದಿನಲ್ಲಿ. ಒಬ್ಬರೇ ಕೂತು ಮೌನವಾಗಿ ಬರೆಯುವುದೊಂದೇ ಆಳವಾದ ದಾರಿ ಎಂದುಕೊಳ್ಳಬೇಕಿಲ್ಲ. ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯೂ ಬರುತ್ತದೆ. ಸೆಷನ್ ಇಂಗ್ಲಿಷ್‌ನಲ್ಲಿ ನಡೆದಿದ್ದರೂ ನಿಮ್ಮ ಡೈರಿ ಕನ್ನಡದಲ್ಲಿರಲಿ ಎಂಬುದು ನನ್ನ ಸಲಹೆ. ಇಂಗ್ಲಿಷ್‌ನಲ್ಲಿ ಬರೆದಾಗ ಪಠ್ಯಪುಸ್ತಕದ ಪದಗಳು ತಾವಾಗಿ ಬಂದು ಕೂರುತ್ತವೆ. ಕನ್ನಡದಲ್ಲಿ ಬರೆದಾಗ ನಿಮಗೆ ನಿಜವಾಗಿ ಅನ್ನಿಸಿದ್ದು, ಮುಜುಗರದ್ದೂ ಸೇರಿ, ಹೊರಬರುತ್ತದೆ. ಕ್ಲೈಂಟ್ ಹೇಳಿದ ಪದಗಳನ್ನು ಮಾತ್ರ ಅವರು ಹೇಳಿದ ಹಾಗೇ ಇಡಿ.

ನಾನು ಆಫ್ರಿಕಾ ಮೂಲದವಳಲ್ಲ, ಕನ್ನಡದವಳು. ಈ ವಿಧಾನ ಬಳಸೋ ಹಕ್ಕು ನನಗಿದೆಯಾ?

ಕಪ್ಪು ಜನರು ತಮ್ಮ ಜನರಿಗಾಗಿ, ತಮ್ಮ ನೋವಿನಿಂದ ಕಟ್ಟಿದ ವಿದ್ಯೆ ಇದು. ಅದನ್ನು ನಾಲ್ಕು ವಾರದ ಕೋರ್ಸ್ ಮುಗಿಸಿ 'ಆಫ್ರಿಕಾ ಕೇಂದ್ರಿತ ಥೆರಪಿಸ್ಟ್' ಎಂದು ಬೋರ್ಡ್ ಹಾಕಿಕೊಳ್ಳುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಆದರೆ ಕಪ್ಪು ಕ್ಲೈಂಟ್ ಒಬ್ಬರು ನಿಮ್ಮ ಮುಂದೆ ಕೂತಿದ್ದಾರೆ ಎಂದಾದರೆ, ಅವರ ಜನ ತಮ್ಮ ಬಗ್ಗೆ ತಾವೇ ಏನು ಬರೆದುಕೊಂಡಿದ್ದಾರೆ ಎಂದು ಓದುವುದು ನಿಮ್ಮ ಕರ್ತವ್ಯ. ಡೈರಿ ಆ ಓದು ನಿಮ್ಮೊಳಗೆ ಇಳಿಯುತ್ತಿದೆಯಾ ಎಂದು ನೋಡಿಕೊಳ್ಳುವ ಜಾಗ.

ನಮ್ಮ ಕೆಲಸ ಇಲ್ಲಿ ಇನ್ನೂ ಜಾಸ್ತಿ ಇದೆ. ಮೈಬಣ್ಣದ ಬಗ್ಗೆ ನಮ್ಮ ಮನೆಗಳಲ್ಲಿ ಏನೇನು ಮಾತು ಕೇಳಿ ಬೆಳೆದಿದ್ದೇವೆ? ಮಗು ಹುಟ್ಟಿದ ಕೂಡಲೇ 'ಬಣ್ಣ ಹೇಗಿದೆ' ಎಂದು ಕೇಳುವವರು ನಾವು. ಮದುವೆ ಜಾಹೀರಾತಿನಲ್ಲಿ ಬಣ್ಣ, ಬಾಡಿಗೆ ಮನೆ ಕೊಡುವಾಗ ಬಣ್ಣ, ಜಾತಿ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತರು. ಆ ಸಿಟ್ಟನ್ನು ಗುಂಪು ತೀರಿಸಿಕೊಂಡಿದ್ದು ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ. ಈ ಊರಿನಲ್ಲಿ ಓದುವ ಆಫ್ರಿಕಾದ ಹುಡುಗ ಹುಡುಗಿಯರಿಗೆ ಆ ಘಟನೆ ಇಂದಿಗೂ ಗೊತ್ತು. ಅವರಲ್ಲೊಬ್ಬರು ನಿಮ್ಮ ಮುಂದೆ ಕೂತು 'ರಾತ್ರಿ ಹೊರಗೆ ಹೋಗಲ್ಲ' ಎಂದರೆ, ಅದನ್ನು ಆತಂಕದ ಲಕ್ಷಣ ಎಂದು ಗುರುತು ಹಾಕುವ ಮೊದಲು ಡೈರಿಯಲ್ಲಿ ಒಂದು ಸಾಲು ಬರೆಯಿರಿ: ಈ ಹೆದರಿಕೆಗೆ ನನ್ನ ಊರಿನ ಪಾಲೆಷ್ಟು?

ಪೂರ್ವ ಮತ್ತು ದಕ್ಷಿಣ ಆಫ್ರಿಕಾದಿಂದ ಬಂದ ಕ್ಲೈಂಟಿಗೆ ಭಾರತೀಯರ ಮುಖ ಹೊಸದೂ ಅಲ್ಲ. ಅಂಗಡಿ ಮಾಲೀಕರಾಗಿ, ಯಜಮಾನರಾಗಿ, ಕೆಲವೊಮ್ಮೆ ಹೋರಾಟದ ಜೊತೆಗಾರರಾಗಿ ಅವರು ನಮ್ಮನ್ನು ನೋಡಿದ್ದಾರೆ. ಆ ಚರಿತ್ರೆಯೂ ನಿಮ್ಮ ಜೊತೆ ರೂಮಿಗೆ ಬಂದಿರುತ್ತದೆ.

ಉತ್ತರ ಕನ್ನಡದ ಸಿದ್ದಿಗಳ ಜೊತೆ ಇದನ್ನ ಬಳಸಬಹುದಾ?

ಆತುರ ಬೇಡ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು ನಿಜ. ಅವರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ತರಲಾಗಿತ್ತು. ಆದರೆ ಅವರು ತಲೆಮಾರುಗಳಿಂದ ಇಲ್ಲಿಯವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕೊಂಕಣಿ, ಕನ್ನಡ, ಮರಾಠಿ ಮಾತಾಡುತ್ತಾರೆ. ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಕಾಡಿನ ಜಮೀನಿನ ಹಕ್ಕು, ಕೂಲಿ, ಮಕ್ಕಳ ಓದು ಇವು ಅವರ ದಿನನಿತ್ಯದ ಚಿಂತೆ. ಮುಖ ನೋಡಿ 'ನೀವು ಆಫ್ರಿಕಾದವರು' ಎಂದು ಜನ ಹೇಳುವುದೇ ಅವರಲ್ಲಿ ಎಷ್ಟೋ ಜನರಿಗೆ ನೋವು. ಥೆರಪಿಸ್ಟ್ ಕೂಡ ಅದನ್ನೇ ಹೇಳಿದರೆ ಹೇಗೆ? ಆಫ್ರಿಕಾ ಅವರಿಗೆ ಎಷ್ಟು ಮುಖ್ಯ ಎಂದು ಅವರೇ ಹೇಳಲಿ. ಮನೆಯ ಹಿರಿಯರ ಪೂಜೆ, ಡಮಾಮಿಯ ಕುಣಿತ, ಕೇರಿಯ ಹಿರಿಯರ ಮಾತು ಇವೆಲ್ಲ ಅಲ್ಲಿ ಬಲವಾಗಿ ಇವೆ. ಅವುಗಳಿಂದ ಶುರುಮಾಡಿ.

ಕ್ಲೈಂಟ್ 'ತೀರಿಹೋದ ಅಜ್ಜಿ ಬಂದು ಮಾತಾಡ್ತಾರೆ' ಅಂದ್ರೆ ಹೇಗೆ ಬರೆಯಲಿ?

ಮೊದಲು ಕೇಳಿದ ಹಾಗೇ ಬರೆಯಿರಿ. 'ಭ್ರಮೆ' ಎಂದೂ ಬೇಡ, 'ಆಧ್ಯಾತ್ಮಿಕ ಅನುಭವ' ಎಂದೂ ಬೇಡ. ಆಮೇಲೆ ನಿಮಗೆ ಹೇಗನ್ನಿಸಿತು ಎಂದು ಬರೆಯಿರಿ. ಭಯವಾಯಿತಾ? ಮನಸ್ಸು ಕೂಡಲೇ ಸೈಕೋಸಿಸ್, ಅಂದರೆ ವಾಸ್ತವದ ಹಿಡಿತ ತಪ್ಪುವ ಕಾಯಿಲೆಯ ಕಡೆ ಓಡಿತಾ? ನಮ್ಮಲ್ಲಿ ಕಾಗೆ ಪಿಂಡ ಮುಟ್ಟಲಿ ಎಂದು ಕಾಯುವವರು, ಕನಸಿನಲ್ಲಿ ಅಪ್ಪ ಬಂದು ಹೇಳಿದರು ಎಂದು ಮನೆ ಕಟ್ಟುವುದನ್ನೇ ಮುಂದೂಡುವವರು ಎಷ್ಟು ಜನ ಇಲ್ಲ!

ಕೇಳಬೇಕಾದ್ದು ಇಷ್ಟು. ಅಜ್ಜಿ ಏನು ಹೇಳುತ್ತಾರೆ? ಅದರಿಂದ ಸಮಾಧಾನವಾ, ಹೆದರಿಕೆಯಾ? ಮನೆಯವರು ಇದಕ್ಕೆ ಏನೆನ್ನುತ್ತಾರೆ? ಕೆಲಸ, ಊಟ, ನಿದ್ದೆ ಹೇಗಿವೆ? ತನಗಾಗಲಿ ಬೇರೆಯವರಿಗಾಗಲಿ ಹಾನಿ ಮಾಡಿಕೊಳ್ಳಲು ಹೇಳುವ ದನಿ ಇದ್ದರೆ, ಮನೆಯವರೇ 'ಇದು ನಮ್ಮ ಪದ್ಧತಿಯಲ್ಲ, ಇವನು ಬದಲಾಗಿದ್ದಾನೆ' ಎನ್ನುತ್ತಿದ್ದರೆ, ಅದೇ ದಿನ ಮನೋವೈದ್ಯರಿಗೆ ತೋರಿಸಿ. ಡೈರಿ ಬರೆಯುತ್ತಾ ಕೂರುವ ಹೊತ್ತಲ್ಲ ಅದು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಇಂಥ ಸಂದರ್ಭಕ್ಕೆಂದೇ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವಿದೆ, ಅದನ್ನು ಕಲಿತಿರಿ.

ಗೋಪ್ಯತೆ ಕಥೆ ಏನು? ಡೈರಿ ಯಾರ ಕೈಗಾದ್ರೂ ಸಿಕ್ಕರೆ?

ಕೋರ್ಟ್ ಕೇಳಿದರೆ ಯಾವ ಬರಹವೂ ಹೊರಬರಬಹುದು ಎಂದುಕೊಂಡೇ ಬರೆಯಿರಿ. ಹೆಸರು, ಊರು, ಕೆಲಸದ ಜಾಗ, ದಿನಾಂಕ ಬೇಡ. ಎಲ್ಲರಿಗೂ ಗುರುತು ಹತ್ತುವ ಘಟನೆ ಬೇಡ. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳುತ್ತದೆ. ಅಮೆರಿಕದ ಕಾನೂನಿನಲ್ಲಿ ಥೆರಪಿಸ್ಟರ ಖಾಸಗಿ ನೋಟ್ಸ್‌ಗೆ ವಿಶೇಷ ರಕ್ಷಣೆ ಇದೆ, ಆದರೆ ಅವನ್ನು ಮುಖ್ಯ ದಾಖಲೆಯಿಂದ ಬೇರೆ ಇಟ್ಟಿದ್ದರೆ ಮಾತ್ರ. ಅಪಾಯದ ಸಂಗತಿ ಏನಾದರೂ ಇದ್ದರೆ ಅದು ಅಧಿಕೃತ ದಾಖಲೆಗೆ ಹೋಗಲೇಬೇಕು. ಮೊಬೈಲಿನ ನೋಟ್ಸ್ ಆ್ಯಪ್‌ನಲ್ಲಿ ಬರೆಯಬೇಡಿ, ಅದು ನಿಮ್ಮ ಮಗನ ಟ್ಯಾಬ್‌ನಲ್ಲೂ ತೆರೆದುಕೊಳ್ಳಬಹುದು.

ಕಪ್ಪು ಸಮುದಾಯಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಊರು ಬಿಟ್ಟು ಬಂದವರ ಸಮುದಾಯ ಚಿಕ್ಕದು, ಒಂದೇ ಚರ್ಚು, ಒಂದೇ ವಾಟ್ಸಾಪ್ ಗುಂಪು. ಒಂದು ಸಣ್ಣ ವಿವರ ಸಾಕು, ಯಾರೆಂದು ತಿಳಿಯಲು.

ಡೈರಿಯನ್ನ ಬೇರೆಯವರ ಮುಂದೆ ಓದಬೇಕಾ?

ಇಡಿಯಾಗಿ ಅಲ್ಲ. ಆದರೆ ಯಾರ ಮುಂದೆಯೂ ಓದದ ಡೈರಿ ಈ ಪರಂಪರೆಗೆ ಹೊಂದುವುದಿಲ್ಲ. ಮನುಷ್ಯ ಇತರರಿಂದಲೇ ಮನುಷ್ಯ ಎನ್ನುವವರು, ತನ್ನನ್ನು ತಾನೊಬ್ಬನೇ ಸರಿಯಾಗಿ ನೋಡಿಕೊಳ್ಳಬಲ್ಲೆ ಎಂದು ಹೇಗೆ ಹೇಳುತ್ತಾರೆ? ತಿಂಗಳಿಗೊಮ್ಮೆ ಮೂರು ನಾಲ್ಕು ಜನ ಕೂತು, ಗುರುತು ತೆಗೆದ ಒಂದೊಂದು ಪುಟ ಓದಿ. ಕೇಳುವವರು ಸಲಹೆ ಕೊಡುವ ಮೊದಲು 'ಇಲ್ಲಿ ಯಾರನ್ನು ಬಿಟ್ಟಿದ್ದೀಯ' ಎಂದು ಮಾತ್ರ ಕೇಳಲಿ. ಅಮೆರಿಕದಲ್ಲಿ ಕಮ್ಯುನಿಟಿ ಹೀಲಿಂಗ್ ನೆಟ್‌ವರ್ಕ್ ಎಂಬ ಸಂಸ್ಥೆ ಮತ್ತು ಕಪ್ಪು ಮನಃಶಾಸ್ತ್ರಜ್ಞರ ಸಂಘ ಸೇರಿ ನಡೆಸುವ 'ಇಮೋಷನಲ್ ಇಮ್ಯಾನ್ಸಿಪೇಷನ್ ಸರ್ಕಲ್'ಗಳು ಕಪ್ಪು ಜನರು ತಮ್ಮಲ್ಲೇ ವೃತ್ತವಾಗಿ ಕೂತು ಗುಣವಾಗುವ ಜಾಗಗಳು. ಅವು ಅವರದ್ದು, ನಾವು ಹೋಗಿ ಕೂರುವಂಥದ್ದಲ್ಲ. ಆದರೆ ಒಬ್ಬರೇ ಕೂತು ಬಿಡಿಸಲಾಗದ್ದನ್ನು ಕೂಡಿ ಕೂತು ಬಿಡಿಸಬಹುದು ಎಂಬುದನ್ನು ಅವರಿಂದ ಕಲಿಯಬಹುದು. ನಿಮ್ಮ ಕೆಲಸಕ್ಕೆ ಮಾರ್ಗದರ್ಶನ ಮಾಡುವ ಸೂಪರ್‌ವೈಸರ್ ಕಪ್ಪು ಸಮುದಾಯದವರಾಗಿದ್ದರೆ ಒಳ್ಳೆಯದೇ. ಆದರೆ ಕಪ್ಪು ಸಹೋದ್ಯೋಗಿಯೊಬ್ಬರು ಪುಕ್ಕಟೆಯಾಗಿ ನಿಮಗೆ ಪಾಠ ಹೇಳಲಿ ಎಂದು ನಿರೀಕ್ಷಿಸಬೇಡಿ. ಅವರ ಸಮಯಕ್ಕೆ ಫೀಸ್ ಕೊಡಿ.

ಈ ಮನಃಶಾಸ್ತ್ರಕ್ಕೆ ಟೀಕೆಗಳೂ ಇವೆ ಅಲ್ವಾ?

ಇವೆ, ಗಟ್ಟಿಯಾದವೇ ಇವೆ. ಆಫ್ರಿಕಾ ಒಂದು ಖಂಡ, 54 ದೇಶ, ಸಾವಿರಾರು ಭಾಷೆ. 'ಆಫ್ರಿಕನ್ ವಿಶ್ವದೃಷ್ಟಿ' ಎಂದು ಒಂದೇ ಇದೆಯಾ ಎಂಬ ಪ್ರಶ್ನೆಯನ್ನು ಆಫ್ರಿಕಾದವರೇ ಎತ್ತಿದ್ದಾರೆ. ಬೆನಿನ್ ದೇಶದ ತತ್ವಜ್ಞಾನಿ ಪೌಲಿನ್ ಹೌಂಟೊಂಜಿ 1970ರ ದಶಕದಲ್ಲೇ, ಇಡೀ ಜನಾಂಗಕ್ಕೆ ಒಂದೇ ತತ್ವ ಕಟ್ಟಿಬಿಡುವ ಬರಹಗಳನ್ನು ಕಟುವಾಗಿ ಟೀಕಿಸಿದರು. ಸಮುದಾಯ ಎಂದಾಗ ಯಾರ ಸಮುದಾಯ? ಹೆಂಗಸರು, ಸಲಿಂಗಿಗಳು ಅಲ್ಲಿ ಯಾವ ಜಾಗದಲ್ಲಿದ್ದಾರೆ? ನಮ್ಮ ಕೂಡುಕುಟುಂಬಗಳನ್ನು ಒಳಗಿನಿಂದ ಕಂಡವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಕೆಲವರಿಗೆ ಮನೆಯೇ ಗಾಯ ಮಾಡಿದ ಜಾಗ. ಅವರನ್ನು ಸಂಬಂಧದ ಹೆಸರಿನಲ್ಲಿ ಮತ್ತೆ ಅಲ್ಲಿಗೇ ತಳ್ಳಬಾರದು. ಡೈರಿಯಲ್ಲಿ ಇದಕ್ಕೊಂದು ಜಾಗ ಇಡಿ: ಇವರ ಸಮುದಾಯ ಇವರನ್ನು ಎಲ್ಲಿ ಕೈಹಿಡಿದು ನಡೆಸಿದೆ, ಎಲ್ಲಿ ಉಸಿರುಗಟ್ಟಿಸಿದೆ?

ಬರೆಯೋದರಿಂದ ನಿಜವಾಗಿ ಉಪಯೋಗ ಇದೆ ಅನ್ನೋಕೆ ಪುರಾವೆ ಇದೆಯಾ?

ನೋವಿನ ಬಗ್ಗೆ ಬರೆಯುವುದರ ಮೇಲೆ ಅಮೆರಿಕದ ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1980ರ ದಶಕದಿಂದ ಅಧ್ಯಯನ ಮಾಡಿದ್ದಾರೆ. ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದ ವಿದ್ಯಾರ್ಥಿಗಳಿಗೆ ಮೊದಲು ಬೇಸರ ಹೆಚ್ಚಾಯಿತು, ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಬಳಿ ಹೋಗುವುದು ಕಡಿಮೆಯಾಯಿತು. ಆದರೆ ಆ ಬರಹ ಸ್ವಂತ ನೋವಿನದು. ಥೆರಪಿಸ್ಟ್ ಡೈರಿ ಬರೆದರೆ ಕ್ಲೈಂಟ್ ಬೇಗ ಗುಣವಾಗುತ್ತಾರೆ ಎಂಬುದಕ್ಕೆ ಇದನ್ನೇ ಪುರಾವೆಯಾಗಿ ತೋರಿಸಲಾಗದು. ನಾನು ಇದನ್ನು ಸಲಹೆ ಮಾಡುವುದು ಕೆಲಸದ ಪ್ರಾಮಾಣಿಕತೆಗಾಗಿ.

ಡೈರಿ ಸರಿದಾರಿಯಲ್ಲಿದೆ ಅಂತ ಹೇಗೆ ತಿಳಿಯೋದು?

ಮೂರು ತಿಂಗಳಿಗೊಮ್ಮೆ ಹಳೆಯ ಪುಟಗಳನ್ನು ಪೆನ್ಸಿಲ್ ಹಿಡಿದು ಓದಿ. ಕ್ಲೈಂಟ್ ಹೇಳಿದ ಪದಗಳ ಕೆಳಗೆ ಒಂದು ಗೆರೆ, ನಿಮ್ಮ ಪಠ್ಯಪುಸ್ತಕದ ಪದಗಳ ಕೆಳಗೆ ಎರಡು ಗೆರೆ. ಎರಡು ಗೆರೆಯವೇ ಜಾಸ್ತಿ ಇದ್ದರೆ ನೀವು ಇನ್ನೂ ಹಳೆಯ ಕೋಲಿನಿಂದಲೇ ಅಳೆಯುತ್ತಿದ್ದೀರಿ. ಪುಟವೆಲ್ಲ ನಿಮ್ಮ ಭಾವನೆ, ನಿಮ್ಮ ತಪ್ಪಿತಸ್ಥ ಭಾವವೇ ತುಂಬಿದ್ದರೆ ಅದೂ ಸರಿಯಲ್ಲ, ಅದನ್ನು ಸೂಪರ್‌ವೈಸರ್ ಮುಂದಿಡಿ. 'ಮುಂದಿನ ವಾರ ಕೇಳಬೇಕು' ಎಂದು ಬರೆದ ಪ್ರಶ್ನೆಗಳಲ್ಲಿ ಎಷ್ಟನ್ನು ನಿಜವಾಗಿ ಕೇಳಿದಿರಿ ಎಂದೂ ನೋಡಿ. ಕೇಳದೆ ಉಳಿದ ಪ್ರಶ್ನೆಗಳನ್ನು ಹೊಸ ಪುಟದಲ್ಲಿ ಮೊದಲ ಸಾಲಿಗೆ ಬರೆದುಕೊಳ್ಳಿ. ಕ್ಲೈಂಟನ್ನೂ ಒಮ್ಮೆ ನೇರವಾಗಿ ಕೇಳಿ: ನಾನು ಇಷ್ಟು ದಿನ ಕೇಳದೆ ಬಿಟ್ಟ ವಿಷಯ ಯಾವುದು? ಅವರು ಕೊಡುವ ಉತ್ತರವನ್ನು ಅವರ ಮಾತಿನಲ್ಲೇ ಬರೆದಿಡಿ.